ಪುಣೆಯಲ್ಲಿ ಕೇಯಾಸ್ ಮ್ಯಾಜಿಕ್ ಸಾಧನೆಯ ಯೋಧ-ಸನ್ಯಾಸಿ ಪಂಥ ಕಟ್ಟಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಪುಣೆಯಲ್ಲಿದ್ದೀರಿ, ಜೊತೆಗೆ ಮೂರು ನಾಲ್ಕು ಗೆಳೆಯರಿದ್ದಾರೆ. ಕೇಯಾಸ್ ಮ್ಯಾಜಿಕ್ಕನ್ನು, ಅಂದರೆ ನಂಬಿಕೆಯನ್ನೇ ಉಪಕರಣವಾಗಿ ಬಳಸುವ ಪಾಶ್ಚಾತ್ಯ ಮಾಂತ್ರಿಕ ಸಾಧನೆಯನ್ನು, ವ್ರತದ ಹಾಗೆ ಹಿಡಿದು, ಮೈಯನ್ನೂ ಪಳಗಿಸುವ ಒಂದು ಪಂಥ ಕಟ್ಟಬೇಕು. ಹೆಸರು, ಲಾಂಛನ, ದೀಕ್ಷೆ, ಇದರಲ್ಲಿ ಯಾವುದು ಮೊದಲು? ಮೂರನ್ನೂ ಸದ್ಯಕ್ಕೆ ಬದಿಗಿಡಿ. ಎಲ್ಲರೂ ತಲಾ ಒಂದು ನೋಟ್‌ಬುಕ್ ಕೊಳ್ಳಿ.

ನಾನು ವಿಜಯಪುರದವನು, ಪುಣೆಗೆ ಬಂದು 14 ವರ್ಷವಾಯಿತು. ಊರಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆದೆ, ಇಲ್ಲಿ ಪೇಠೆಯ ತಾಲೀಮಿಗೂ ಕೆಲವು ವರ್ಷ ಹೋದೆ. ಈಗ ನಾವು ಐದು ಜನ ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಐದೂವರೆಗೆ ಇಲ್ಲಿನ ವೇತಾಳ ಟೇಕಡಿ ಎಂಬ ಗುಡ್ಡ ಹತ್ತುತ್ತೇವೆ. ನಮ್ಮನ್ನು ನಾವು ಪಂಥ ಅಂತ ಕರೆದುಕೊಂಡಿಲ್ಲ, ಆದರೆ ನೀವು ಹೇಳುವುದಕ್ಕೆ ಹತ್ತಿರದ್ದನ್ನೇ ಮೂರು ವರ್ಷದಿಂದ ಮಾಡುತ್ತಿದ್ದೇವೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಕೇಯಾಸ್ ಮ್ಯಾಜಿಕ್ ಹುಟ್ಟಿದ್ದು 1970ರ ದಶಕದ ಇಂಗ್ಲೆಂಡಿನಲ್ಲಿ. ಪೀಟರ್ ಕ್ಯಾರೊಲ್ ಮತ್ತು ರೇ ಶೆರ್ವಿನ್ ಸೇರಿ 1978ರಲ್ಲಿ 'ಇಲ್ಯೂಮಿನೇಟ್ಸ್ ಆಫ್ ಥ್ಯಾನಟೆರೋಸ್' ಎಂಬ ಕೂಟವನ್ನು ಘೋಷಿಸಿದರು. ನಂಬಿಕೆಯೂ ಒಂದು ಉಪಕರಣ, ಕೆಲಸಕ್ಕೆ ಎತ್ತಿಕೊಳ್ಳಬೇಕು, ಮುಗಿದ ಮೇಲೆ ಕೆಳಗಿಡಬೇಕು ಎಂಬುದು ಅವರ ಮೂಲ ಮಾತು. ಇದನ್ನು ಓದಿದ ಹುಡುಗರು 'ಹಾಗಾದರೆ ಮನಸ್ಸಿಗೆ ಬಂದದ್ದು ಮಾಡಬಹುದು' ಅಂದುಕೊಳ್ಳುತ್ತಾರೆ. ಕ್ಯಾರೊಲ್ ಹೊಸಬರಿಗೆ ಹಾಕಿಕೊಟ್ಟ ಮೊದಲ ಪಾಠ ನೋಡಿದರೆ ಆ ಭ್ರಮೆ ಇಳಿಯುತ್ತದೆ. ಅಲುಗಾಡದೆ ಕೂರುವುದು, ಉಸಿರನ್ನು ಗಮನಿಸುವುದು, ಯೋಚನೆಯನ್ನು ನಿಲ್ಲಿಸುವುದು, ದಿನಾ ಆದದ್ದನ್ನು ದಿನಚರಿಯಲ್ಲಿ ಬರೆಯುವುದು. ಮಿಕ್ಕದ್ದೆಲ್ಲ ಆಮೇಲೆ.

ನನಗೆ ಇದು ಗರಡಿಯಲ್ಲೇ ಗೊತ್ತಾಗಿದ್ದ ವಿಷಯ. ನಮ್ಮ ವಸ್ತಾದರು ಮೊದಲ ತಿಂಗಳು ಒಂದು ಪಟ್ಟೂ ಹೇಳಿಕೊಡಲಿಲ್ಲ. ಕೆಮ್ಮಣ್ಣು ಅಗೆಯುವುದು, ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡುವುದು, ಬಸ್ಕಿ ಹೊಡೆದು ಮನೆಗೆ ಹೋಗುವುದು, ಅಷ್ಟೇ. ಅರ್ಧಕ್ಕರ್ಧ ಹುಡುಗರು ಆ ತಿಂಗಳಲ್ಲೇ ಬಿಟ್ಟುಹೋದರು. ಉಳಿದವರಿಗೆ ಮಣ್ಣು ಎಷ್ಟು ಹದವಾಗಿದೆ ಅನ್ನುವುದು ಅಂಗಾಲಿಗೇ ತಿಳಿಯುತ್ತಿತ್ತು.

ವೇತಾಳ ಟೇಕಡಿಯನ್ನು ಆರಿಸಿದ್ದಕ್ಕೂ ಕಾರಣವಿದೆ. ಮೇಲೆ ವೇತಾಳನ ಗುಡಿಯಿದೆ. ಚಿಕ್ಕಂದಿನಲ್ಲಿ ಕೇಳಿದ ಕಥೆಯಲ್ಲಿ ವಿಕ್ರಮ ಹೆಣ ಹೊತ್ತು ನಡೆಯುತ್ತಾನೆ, ಬಾಯಿಬಿಟ್ಟ ಕೂಡಲೇ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ಅದಕ್ಕೆ ಹತ್ತುವಾಗ ಮಾತಾಡಬಾರದು ಎಂಬುದು ನಮ್ಮ ನಿಯಮ. ಬೆನ್ನಿಗೆ ಎಂಟು ಕಿಲೋ ಮರಳಿನ ಚೀಲ. ಯಾರಾದರೂ ಮಾತಾಡಿದರೆ ಐದೂ ಜನ ಕೆಳಗಿಳಿದು ಮತ್ತೆ ಹತ್ತಬೇಕು. ಮೊದಲ ವಾರ ಮೂರು ಸಲ ಇಳಿದಿದ್ದೆವು. ಮೌನವನ್ನು ನನಗೆ ಇಷ್ಟು ಚೆನ್ನಾಗಿ ಯಾವ ಉಪದೇಶವೂ ಕಲಿಸಿರಲಿಲ್ಲ.

ಕೇಯಾಸ್ ಮ್ಯಾಜಿಕ್ ಅಂದಮೇಲೆ ಸಿಜಿಲ್ ಮಾತು ಬಂದೇ ಬರುತ್ತದೆ. ಸಿಜಿಲ್ ಅಂದರೆ ಆಸೆಯನ್ನು ಮುದ್ರೆಯಾಗಿ ಬರೆಯುವುದು. ಈ ವಿಧಾನ ಲಂಡನ್ನಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್ ಅವರದು, ಅವರು 1956ರಲ್ಲಿ ತೀರಿಕೊಂಡರು. ಬೇಕಾದದ್ದನ್ನು ಒಂದು ವಾಕ್ಯದಲ್ಲಿ ಬರೆದು, ಮತ್ತೆ ಮತ್ತೆ ಬಂದ ಅಕ್ಷರಗಳನ್ನು ತೆಗೆದು, ಉಳಿದವನ್ನು ಒಂದೇ ಆಕೃತಿಯಾಗಿ ಹೆಣೆದು, ಮನಸ್ಸು ಖಾಲಿಯಾದ ಗಳಿಗೆಯಲ್ಲಿ ಅದನ್ನು ನೋಡಿ ಮರೆಯಬೇಕು. ಇಂಗ್ಲಿಷಿನಲ್ಲೇ ಮಾಡಬೇಕೆಂದಿಲ್ಲ. 'ನಾನು ಸಿಟ್ಟು ಗೆಲ್ಲುತ್ತೇನೆ' ಅಂತ ಬರೆದು ಸ್ವರಚಿಹ್ನೆ ಬಿಟ್ಟರೆ ನ, ಸ, ಟ, ಗ, ಲ, ತ ಉಳಿಯುತ್ತವೆ. ಒತ್ತಕ್ಷರ ಬರೆದು ರೂಢಿಯಿರುವ ನಮ್ಮ ಕೈಗೆ ಒಂದರ ಕೆಳಗೊಂದು ಪೋಣಿಸುವುದು ಸಲೀಸು. ದುಂಡಗಿನ ಅಕ್ಷರಗಳು ಒಂದರೊಳಗೊಂದು ಕೂತಾಗ ರಂಗೋಲಿಯಂತೆ ಕಾಣುತ್ತದೆ. ಇದರಿಂದ ಹೊರಗಿನ ಲೋಕ ಬದಲಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆರು ತಿಂಗಳ ದಿನಚರಿ ತಿರುವಿ ಹಾಕಿದಾಗ ಮನೆಯಲ್ಲಿ ದನಿ ಏರಿಸಿದ ದಿನಗಳು ಕಡಿಮೆಯಾಗಿದ್ದವು, ಅದನ್ನು ನನ್ನ ಹೆಂಡತಿಯೂ ಒಪ್ಪಿದಳು. ನನಗೆ ಅಷ್ಟು ಸಾಕು.

ಈ ದಿನಚರಿಯ ಬಗ್ಗೆ ಒಂದು ನೋವಿನ ಸಂಗತಿ ಹೇಳಲೇಬೇಕು. ಮೊದಲು ನಾನು ಇದೇ ಊರಿನ ಒಂದು ಗುಂಪಿನಲ್ಲಿ ಎಂಟು ತಿಂಗಳಿದ್ದೆ. ಅಲ್ಲಿ ಎಲ್ಲರ ದಿನಚರಿಯೂ ಮುಖ್ಯಸ್ಥರ ಕೈಗೆ ಹೋಗುತ್ತಿತ್ತು. ಒಂದು ದಿನ ಅವರು ಒಬ್ಬ ಹುಡುಗ ತನ್ನ ತಂದೆಯ ಬಗ್ಗೆ ಬರೆದುಕೊಂಡಿದ್ದನ್ನು ಎಲ್ಲರೆದುರು ಓದಿ, 'ಅಹಂ ಕರಗಲಿ' ಅಂದರು. ಆ ಹುಡುಗ ತಲೆ ಎತ್ತಲಿಲ್ಲ. ನಾವ್ಯಾರೂ ಬಾಯಿಬಿಡಲಿಲ್ಲ, ನಾನೂ ಬಿಡಲಿಲ್ಲ. ಆ ವಾರವೇ ಹೊರಬಂದೆ. ಹಾಗಾಗಿ ಪಂಥಕ್ಕೆ ಒಂದೇ ನಿಯಮ ಬರೆಯುವುದಾದರೆ ಇದನ್ನು ಬರೆಯಿರಿ: ದಿನಚರಿ ಬರೆದವನ ಕೈ ಬಿಟ್ಟು ಹೋಗಕೂಡದು.

ಕ್ಯಾರೊಲ್ ಅವರ ಕೂಟದಲ್ಲಿ ಇದಕ್ಕೊಂದು ಮದ್ದು ಇತ್ತು. ಮೇಲಿನ ದರ್ಜೆಯವರ ಜೊತೆಗೆ ಕೆಳಗಿನ ದರ್ಜೆಯ ಒಬ್ಬರನ್ನು ನೇಮಿಸುತ್ತಿದ್ದರು. ಹಿರಿಯರ ತಪ್ಪನ್ನು ಮುಖದ ಮೇಲೆ ಹೇಳುವುದು, ಬೇಕಾದರೆ ಅವರ ಆಜ್ಞೆಯನ್ನೇ ತಡೆಯುವುದು ಆ ಸ್ಥಾನದವರ ಕೆಲಸ. ಅಷ್ಟಿದ್ದೂ 1990ರ ದಶಕದ ಆರಂಭದಲ್ಲಿ ಅಧಿಕಾರದ ಜಗಳದಿಂದ ಕೂಟ ಒಡೆಯಿತು. ನಮ್ಮಲ್ಲಿ ಆ ಸ್ಥಾನ ಪ್ರತಿ ಅಮಾವಾಸ್ಯೆಗೆ ಬೇರೆಯವರಿಗೆ ಹೋಗುತ್ತದೆ.

ಯೋಧ ಎಂಬ ಪದದ ಮೇಲೆ ನಿಮಗೆ ಪ್ರೀತಿಯಿದೆ, ನನಗೂ ಇದೆ. ಆದರೆ ನಮ್ಮ ನೆಲದ ಯೋಧ-ಸನ್ಯಾಸಿಗಳ ಚರಿತ್ರೆಯನ್ನು ಪೂರ್ತಿ ಓದಿ. 18ನೇ ಶತಮಾನದ ಅನೂಪಗಿರಿ ಗೋಸಾವಿಯ ಕೈಕೆಳಗೆ ಸಾವಿರಾರು ನಾಗಾ ಸನ್ಯಾಸಿಗಳಿದ್ದರು. 1761ರ ಪಾಣಿಪತ್‌ನಲ್ಲಿ ಅವರು ಅವಧದ ನವಾಬ ಶುಜಾ ಉದ್ ದೌಲನ ಕಡೆ, ಅಂದರೆ ಮರಾಠರ ಎದುರಾಳಿ ಅಬ್ದಾಲಿಯ ಪಾಳೆಯದಲ್ಲಿ ನಿಂತಿದ್ದರು. 1803ರ ಹೊತ್ತಿಗೆ ಅದೇ ಅನೂಪಗಿರಿ ಈಸ್ಟ್ ಇಂಡಿಯಾ ಕಂಪನಿಯ ಕಡೆ ಇದ್ದರು. ಭಸ್ಮ ಬಳಿದ ಮೈಗೂ ಸಂಬಳ ಕೊಡುವ ದಣಿ ಬೇಕಾಯಿತು. ಅದಕ್ಕೆ ನಾವು ಲಾಠಿ ತಿರುಗಿಸುತ್ತೇವೆ, ಕುಸ್ತಿ ಹಿಡಿಯುತ್ತೇವೆ, ಯಾರ ಮೆರವಣಿಗೆಗೂ ಹೋಗುವುದಿಲ್ಲ. ಗಣಪತಿ ಹಬ್ಬದಲ್ಲಿ ಮಂಡಳದವರು ಕರೆದಾಗಲೂ ಹೋಗಲಿಲ್ಲ.

ನನಗೆ ಮಾದರಿ ಅನ್ನಿಸುವುದು ಮಂಗಳೂರಿನಲ್ಲಿರುವ ನಾಥಪಂಥದ ಕದ್ರಿ ಮಠ. 12 ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳವಾದ ಮೇಲೆ, ಜೋಗಿಗಳ ಝುಂಡಿ, ಅಂದರೆ ತಂಡ, ತ್ರ್ಯಂಬಕೇಶ್ವರದಿಂದ ಮಂಗಳೂರಿಗೆ ತಿಂಗಳುಗಟ್ಟಲೆ ನಡೆದುಬರುತ್ತದೆ. ಕದ್ರಿಯ ಹೊಸ ರಾಜನಿಗೆ, ಅಂದರೆ ಮಠದ ಮುಖ್ಯಸ್ಥರಿಗೆ, ಪಟ್ಟವಾಗುವುದು ಆಗ, ಹಿಂದಿನವರು ಸ್ಥಾನ ಬಿಡುತ್ತಾರೆ. ಕಳೆದ ಸಲ ಅದು ನಡೆದದ್ದು 2016ರಲ್ಲಿ. ಪೀಠಕ್ಕೆ ಅವಧಿ ಇದೆ, ಆ ಅವಧಿ ಎಲ್ಲರಿಗೂ ಗೊತ್ತಿದೆ. ನಿಮ್ಮಲ್ಲಿ ಮುಂದಾಳು ಬೇಕೇಬೇಕು ಅನ್ನಿಸಿದರೆ, ಇಳಿಯುವ ತಾರೀಖು ಬರೆದ ಮೇಲೆಯೇ ಕೂರಿಸಿ.

ಕಾನೂನಿನ ಮಾತು ಚಿಕ್ಕದು. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರ ಕೊಲೆಯಾದ 2013ರಲ್ಲೇ ಮಹಾರಾಷ್ಟ್ರದಲ್ಲಿ ವಾಮಾಚಾರ ವಿರೋಧಿ ಕಾಯ್ದೆ ಬಂತು. ಅಲೌಕಿಕ ಶಕ್ತಿಯಿದೆ ಎಂದು ಜನರನ್ನು ಹೆದರಿಸುವುದು, ಭೂತ ಬಿಡಿಸುವ ಹೆಸರಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆಯುವುದು ಅಪರಾಧ. ಆರು ತಿಂಗಳಿಂದ ಏಳು ವರ್ಷದವರೆಗೆ ಜೈಲು. ಇದು ಒಳ್ಳೆಯ ಕಾಯ್ದೆ, ಪಂಥಕ್ಕೆ ಬರುವ ಪ್ರತಿಯೊಬ್ಬರಿಗೂ ಓದಿಸಿ. ಯಾರಿಂದಲೂ ಹಣ ತೆಗೆದುಕೊಳ್ಳಬೇಡಿ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಬಂದರೆ ಡಾಕ್ಟರನ್ನು ಕೇಳಿಯೇ ಬರಲು ಹೇಳಿ, ಗುಳಿಗೆ ಬಿಡಿಸುವ ಮಾತಂತೂ ಬೇಡ.

ಈಗ ನಿಮ್ಮ ಗೆಳೆಯರ ಗುಂಪಿಗೆ: ಒಂದು ಮಂಡಲ, 48 ದಿನ. ದಿನಕ್ಕೆ ಹತ್ತು ನಿಮಿಷ ಕದಲದೆ ಕೂರುವುದು, ಐವತ್ತು ಬಸ್ಕಿ, ಒಂದು ಪುಟ ಬರಹ. ಹೆಸರು, ಲಾಂಛನದ ಮಾತು ಆ 48 ದಿನ ಎತ್ತಬೇಡಿ. ಮುಗಿದ ಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಎಷ್ಟು ಪುಟ ಖಾಲಿ ಉಳಿದಿವೆ ಎಂದು ಎಣಿಸಿ, ಇಲ್ಲೇ ಬಂದು ಬರೆಯಿರಿ. ಮೊದಲ ಮಂಡಲದಲ್ಲಿ ನನ್ನವು 11 ಇದ್ದವು.