ಬೋರ್‌ವೆಲ್ ನೀರು ಕನ್ನಡಿಯ ಹಾಗಿದೆ, ಮಗಳ ಹಲ್ಲಿನ ಮೇಲೆ ಕಂದು ಕಲೆ ಯಾಕೆ?

ಪ್ರಶ್ನೆ: ನಾಲ್ಕೈದು ತಿಂಗಳ ಹಿಂದೆ ವಿಜ್ಞಾನಿಗಳ ತಂಡವೊಂದು ನಮ್ಮೂರಿಗೆ ಬಂದಿತ್ತು. ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಒಂಬತ್ತು ವರ್ಷದ ಮಗಳ ಹಲ್ಲಿನ ಮೇಲೆ ಕಂದು ಕಲೆ ಇದೆ. ಟಿಡಿಎಸ್ ಮೀಟರ್ 480 ತೋರಿಸಿತು, ಒಳ್ಳೆ ನೀರೇ ಅಂದರು. ಕುದಿಸಿ ಕುಡಿದರೆ ಸಾಕಾ?
— ಒಬ್ಬ ತಾಯಿ, ಪಾವಗಡ ತಾಲ್ಲೂಕು

ಉತ್ತರ: ಸಾಕಾಗಲ್ಲ ತಾಯಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಜಾಸ್ತಿಯಾದರೆ ಹಲ್ಲಿಗೆ ಕಲೆ ತರುವ ಫ್ಲೋರೈಡ್ ಅನ್ನೋ ಲವಣ ಹೋಗುವುದಿಲ್ಲ. ಹತ್ತು ಲೀಟರ್ ಕುದ್ದು ಒಂಬತ್ತಾದರೆ ಅಷ್ಟೇ ಫ್ಲೋರೈಡ್ ಕಡಿಮೆ ನೀರಿನಲ್ಲಿ ಉಳಿದು ಇನ್ನೂ ಗಟ್ಟಿಯಾಗುತ್ತೆ. ನಿಮ್ಮ ಭಾಗದಲ್ಲಿ ನನಗೆ ಮೊದಲು ಬರುವ ಅನುಮಾನ ಅದರದ್ದೇ. ಕೆಳಗಿರುವುದು ಗ್ರಾನೈಟ್ ಜಾತಿಯ ಕಲ್ಲು, ಅದರಲ್ಲಿ ಫ್ಲೋರೈಡ್ ಇದೆ, ನೀರು ಎಷ್ಟು ವರ್ಷ ಆ ಬಿರುಕುಗಳಲ್ಲಿ ಕೂತಿರುತ್ತೋ ಅಷ್ಟು ಕರಗಿಸಿಕೊಳ್ಳುತ್ತೆ. ಹಳೇ ತೆರೆದ ಬಾವಿಯ ಕಾಲಕ್ಕಿಂತ ಆಳದ ಬೋರ್‌ವೆಲ್ ಕಾಲದಲ್ಲಿ ತೊಂದರೆ ಜಾಸ್ತಿಯಾಗಿದ್ದು ಇದಕ್ಕೇ.

ಟಿಡಿಎಸ್ ಮೀಟರನ್ನು ಮರೆತುಬಿಡಿ. ನೀರಿನಲ್ಲಿ ಕರಗಿರುವ ಉಪ್ಪೆಲ್ಲ ಸೇರಿ ಅಂದಾಜು ಎಷ್ಟು ಅಂತ ಹೇಳುತ್ತೆ ಅಷ್ಟೆ, ಯಾವುದು ಎಷ್ಟು ಅಂತ ಅಲ್ಲ. ಫ್ಲೋರೈಡ್‌ಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಆ 480ರೊಳಗೆ 3 ಮಿಲಿಗ್ರಾಂ ಫ್ಲೋರೈಡ್ ಕೂತಿದ್ದರೂ ಮೀಟರಿಗೆ ಗೊತ್ತಾಗಲ್ಲ.

ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡಬೇಕು ಅಂತಿದೆ. ಕೆಲವು ಕಿಟ್‌ಗಳಲ್ಲಿ ಕೆಂಪು ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಅಲ್ಲಿ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಕಳಿಸಿ. ಮೋಟಾರ್ ಐದು ನಿಮಿಷ ಓಡಿದ ಮೇಲೆ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಿರಿ, ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆಗೂ ಜಗಳಕ್ಕೆ ಹೋಗುತ್ತೆ.

ಕಲೆಗೆ ಬೇರೆ ಕಾರಣವೂ ಇರಬಹುದು, ಒಮ್ಮೆ ದಂತ ವೈದ್ಯರಿಗೆ ತೋರಿಸಿ. ಫ್ಲೋರೈಡ್‌ನದ್ದೇ ಆದರೆ ಅದು ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಆಗಿರುತ್ತೆ, ಸುಮಾರು ಎಂಟು ವರ್ಷದೊಳಗೆ. ಉಜ್ಜಿದರೆ ಹೋಗಲ್ಲ. ಹಾಗಂತ ಇನ್ನು ಪರವಾಗಿಲ್ಲ ಅಂತ ಬಿಡಬೇಡಿ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲಿಗೂ ಇಳಿಯುತ್ತೆ.

ಊರಿನ ಶುದ್ಧ ನೀರಿನ ಘಟಕ ಸರಿಯಾಗಿದ್ದರೆ ಕುಡಿಯೋಕೆ, ಅಡುಗೆಗೆ ಎರಡಕ್ಕೂ ಅದೇ ನೀರು ಬಳಸಿ. ಮುದ್ದೆಗೆ ಬೋರ್ ನೀರು ಹಾಕಿ, ಕುಡಿಯೋಕೆ ಮಾತ್ರ ಕ್ಯಾನ್ ತರುವವರು ಬಹಳ ಜನ! ಅಲ್ಲಿನ ಫಿಲ್ಟರ್ ಪೊರೆ ಕೊನೆಗೆ ಯಾವಾಗ ಬದಲಿಸಿದರು ಅಂತಲೂ ಕೇಳಿ. ಅಲ್ಲಿಂದ ಹೊರಬಿಡುವ ನೀರನ್ನು ದನಗಳಿಗೆ ಕುಡಿಸಬೇಡಿ, ಫ್ಲೋರೈಡೆಲ್ಲ ಅದರಲ್ಲೇ ಸೇರಿರುತ್ತೆ.

ನನ್ನನ್ನು ಕೇಳಿದರೆ ಮಳೆ ನೀರಿನಷ್ಟು ಒಳ್ಳೇದು ಇನ್ನೊಂದಿಲ್ಲ, ಫ್ಲೋರೈಡ್ ಇಲ್ಲ ಅಂದರೂ ಆಯ್ತು. 30 ಚದರ ಮೀಟರ್ ಮಾಳಿಗೆ, ವರ್ಷಕ್ಕೆ 500 ಮಿ.ಮೀ. ಮಳೆ ಅಂತಿಟ್ಟುಕೊಳ್ಳಿ, ಪೋಲಾಗಿದ್ದು ಕಳೆದು 12,000 ಲೀಟರ್ ಸಿಗುತ್ತೆ. ದಿನಕ್ಕೆ 20 ಲೀಟರಿನಂತೆ ಬೇಸಿಗೆ ದಾಟೋಕೆ ಐದು ಸಾವಿರದ ತೊಟ್ಟಿ ಸಾಕು. ಮೊದಲ ಮಳೆ ಹೊರಗೆ ಬಿಡಿ, ಬೆಳಕು ಬೀಳದ ಹಾಗೆ ಮುಚ್ಚಿಡಿ. ಈ ನೀರನ್ನು ಮಾತ್ರ ಕುದಿಸಿಯೇ ಕುಡಿಯಿರಿ.

ಇನ್ನು ಬಾಟಲಿ ತುಂಬಿಕೊಂಡು ಹೋದವರ ವಿಷಯ. ನಾಚಿಕೆಯಿಂದಲೇ ಹೇಳಬೇಕು, ನಾನೂ ಶುರುವಿನಲ್ಲಿ ಹಾಗೇ ಮಾಡಿದವನು. ನೀರು ತಂದು, ಅಳೆದು, ಇಂಗ್ಲಿಷ್‌ನಲ್ಲಿ ಬರೆದು, ಊರಿಗೆ ಏನೂ ಹೇಳದೆ ಸುಮ್ನಾಗಿದ್ದೆ. ಆಮೇಲೆ ಒಬ್ಬ ಅಜ್ಜಿ "ನಮ್ ನೀರಿನ ಜಾತಕ ನೀವ್ ಇಟ್ಕೊಂಡ್ರೆ ನಮಗೇನ್ ಬಂತಪ್ಪಾ" ಅಂದರು. ಅವತ್ತಿನಿಂದ ಬೋರ್ ಪಕ್ಕದ ಗೋಡೆ ಮೇಲೆ ಅಂಕಿ ಬರೆಸದೆ ಊರು ಬಿಡಲ್ಲ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಅನ್ನೋ ವಿಷ ಮಿತಿ ಮೀರಿದ ಕೊಳವೆ ಬಾವಿಗೆ ಕೆಂಪು, ಮಿತಿಯೊಳಗಿದ್ದದ್ದಕ್ಕೆ ಹಸಿರು ಬಣ್ಣ ಬಳಿದರು, ಓದಲು ಬಾರದವರಿಗೂ ತಿಳಿಯಿತು. ನೀವೂ ಆ ತಂಡವನ್ನು ಪಂಚಾಯಿತಿ ಮೂಲಕ ಪತ್ರ ಬರೆದು ಕೇಳಿ, ಯಾವ ಬೋರ್‌ಗೆ ಎಷ್ಟು ಅಂತ ಕನ್ನಡದಲ್ಲಿ ಕೊಡಲಿ. ಶಾಲೆ ಬೋರ್‌ದೂ ಬಿಡಬೇಡಿ, ಬಿಸಿಯೂಟ ಅದರಲ್ಲೇ ಬೇಯುತ್ತೆ ಅಲ್ವಾ.