ದೂರದರ್ಶಕ ಮತ್ತು ಕ್ವಾಡ್ರೆಂಟ್: ಒಂದು ತಿದ್ದುಪಡಿ, ಒಂದು ಉತ್ತರ

ಮಾನ್ಯರೇ,

ಫ್ಲಾರೆನ್ಸಿನ ಗೆಲಿಲಿಯೋ ವಸ್ತುಸಂಗ್ರಹಾಲಯವನ್ನು ಕುರಿತ ನಮ್ಮ ಲೇಖನದ ಬಗ್ಗೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ದೂರದರ್ಶಕವನ್ನು ಗೆಲಿಲಿಯೋ ಕಂಡುಹಿಡಿದನೆಂದು ಬರೆದದ್ದು ತಪ್ಪು ಎಂಬುದು ಒಂದು. ದೂರದರ್ಶಕ ಬಂದೊಡನೆ ಮೂಲೆ ಸೇರಿದ ಆಸ್ಟ್ರೋಲೇಬು, ಕ್ವಾಡ್ರೆಂಟುಗಳ (ಆಕಾಶಕಾಯಗಳ ಎತ್ತರವನ್ನು ಕೋನದಲ್ಲಿ ಅಳೆಯುವ ಹಳೆಯ ಉಪಕರಣಗಳು; ಕ್ವಾಡ್ರೆಂಟ್ ಕಾಲುವೃತ್ತದ ಆಕಾರದ್ದು) ವರ್ಣನೆಗೆ ಅಷ್ಟು ಪುಟಗಳು ಏಕೆ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪುತ್ತೇವೆ, ಎರಡನೆಯದನ್ನು ಒಪ್ಪಲಾರೆವು.

1608ರಲ್ಲಿ ಕನ್ನಡಕ ತಯಾರಕ ಹಾನ್ಸ್ ಲಿಪರ್‌ಹೇ ಹೇಗ್ ನಗರದಲ್ಲಿ ದೂರದರ್ಶಕಕ್ಕೆ ಪೇಟೆಂಟ್ ಕೇಳಿದ್ದ. ಅದರ ಸುದ್ದಿ ಕೇಳಿ ಗೆಲಿಲಿಯೋ ಮರುವರ್ಷ ತಾನೇ ಮಸೂರಗಳನ್ನು ಉಜ್ಜಿ, ವರ್ಧನೆಯನ್ನು ಸುಮಾರು 20 ಪಟ್ಟಿಗೆ ಏರಿಸಿದ. ಈ ತಿದ್ದುಪಡಿಯ ಮೊದಲ ಕರಡಿನಲ್ಲಿ ನಾವು ‘ಅದನ್ನು ಆಕಾಶದತ್ತ ಮೊದಲು ತಿರುಗಿಸಿದವನು’ ಎಂದು ಬರೆದಿದ್ದೆವು. ಅದೂ ನಿಲ್ಲುವ ಮಾತಲ್ಲ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1609ರ ಬೇಸಿಗೆಯಲ್ಲೇ ದೂರದರ್ಶಕದಿಂದ ನೋಡಿ ಚಂದ್ರನ ಚಿತ್ರ ಬರೆದಿದ್ದ.

ಇನ್ನು ಎರಡನೆಯ ಮಾತು. ಆ ಸಂಗ್ರಹಾಲಯದಲ್ಲಿ ಗೆಲಿಲಿಯೋನ ಎರಡು ದೂರದರ್ಶಕಗಳಿವೆ. ಜೊತೆಗೆ ಅವನ ಒಂದು ಒಡೆದ ಮಸೂರವೂ ಇದೆ. ಅದಕ್ಕೆ 1677ರಲ್ಲಿ ದಂತದ ಚೌಕಟ್ಟನ್ನು ಕೆತ್ತಿಸಿ ಕೂರಿಸಿದ್ದಾರೆ. (ಪಕ್ಕದಲ್ಲೇ ಗಾಜಿನ ಪಾತ್ರೆಯಲ್ಲಿರುವ ಅವನ ಬೆರಳಿಗಿಂತ ಈ ಒಡಕು ಗಾಜೇ ನಮಗೆ ಹೆಚ್ಚು ಪೂಜ್ಯವಾಗಿ ತೋರಿತು.) ಆದರೆ ಆ ದೂರದರ್ಶಕಗಳಲ್ಲಿ ಕಾಣುತ್ತಿದ್ದ ಆಕಾಶ ತೀರ ಕಿರಿದು, ಪೂರ್ಣಚಂದ್ರ ಕೂಡ ಒಮ್ಮೆಗೇ ಹಿಡಿಸದಷ್ಟು. ಕಣ್ಣಿಡುವ ತುದಿಯಲ್ಲಿ ನಿಮ್ನ (ನಡುವೆ ತಗ್ಗಾದ) ಮಸೂರವಿದ್ದ ಕಾರಣ ಕೊಳವೆಯೊಳಗೆ ನಿಜಬಿಂಬ, ಎಂದರೆ ತೆರೆಯ ಮೇಲೆ ಹಿಡಿಯಬಹುದಾದ ಬಿಂಬ, ಮೂಡುತ್ತಿರಲಿಲ್ಲ; ಬಿಂಬವಿಲ್ಲದ ಕಡೆ ಗುರಿಯ ಎಳೆ (ನಕ್ಷತ್ರಕ್ಕೆ ಸರಿಯಾಗಿ ಗುರಿಯಿಡಲು ಬೇಕಾದ ಸಣ್ಣ ದಾರ) ಕಟ್ಟಿ ಕೋನ ಅಳೆಯುವುದು ಸಾಧ್ಯವೇ ಇರಲಿಲ್ಲ. ಗುರುವಿನ ಉಪಗ್ರಹಗಳನ್ನು ಅದು ತೋರಿಸಿತು, ನಿಜ. ಆದರೆ ನಕ್ಷತ್ರದ ಸ್ಥಾನವನ್ನು ನಿಷ್ಕೃಷ್ಟವಾಗಿ ಹೇಳಬೇಕಾದಾಗ ಖಗೋಳಜ್ಞರು ಹಳೆಯ ಉಪಕರಣಗಳಿಗೇ ಮರಳುತ್ತಿದ್ದರು. ದೂರದರ್ಶಕಕ್ಕೂ ಮುಂಚೆ, ಮಸೂರವೇ ಇಲ್ಲದೆ, ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಸುಮಾರು ಒಂದು ಕಲೆಯಷ್ಟು, ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು, ನಿಖರತೆಯನ್ನು ಸಾಧಿಸಿದ್ದ. ಮಂಗಳನ ವಿಷಯದಲ್ಲಿ ಲೆಕ್ಕಕ್ಕೂ ಟೈಕೋನ ಅಳತೆಗೂ ಬಂದ ಎಂಟು ಕಲೆಗಳ ವ್ಯತ್ಯಾಸವನ್ನು ಖಗೋಳಜ್ಞ ಕೆಪ್ಲರ್ ಕಡೆಗಣಿಸದೆ ವೃತ್ತಾಕಾರದ ಕಕ್ಷೆಯನ್ನೇ ಕೈಬಿಟ್ಟದ್ದು ಆ ಅಳತೆಗಳ ಮೇಲಿನ ಭರವಸೆಯಿಂದ.

1679ರಲ್ಲಿ, ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಕಂಡು ಎಪ್ಪತ್ತು ವರ್ಷಗಳಾಗುತ್ತ ಬಂದಾಗ, ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ದೂರದರ್ಶಕ ಜೋಡಿಸಿದ ಉಪಕರಣದೊಂದಿಗೆ ಡಾನ್‌ಜಿಗ್ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ನಗರಕ್ಕೆ ಹೋಗಿ, ಬರಿಗಣ್ಣಿನಿಂದಲೇ ಅಳೆಯುತ್ತಿದ್ದ ವೃದ್ಧ ಖಗೋಳಜ್ಞ ಹೆವೀಲಿಯಸ್‌ನ ಪಕ್ಕದಲ್ಲಿ ನಿಂತು ಹೋಲಿಸಿ ನೋಡಿದ. ಆ ಮುದುಕನ ಅಳತೆಗಳು ಕಡಿಮೆಯೇನಿಲ್ಲವೆಂದು ಅವನಿಗೂ ಒಪ್ಪಬೇಕಾಯಿತು. ಮುಂದೆ ಗೆದ್ದದ್ದು ದೂರದರ್ಶಕವೇ, ಸಂಶಯವಿಲ್ಲ. ಆದರೆ ಎರಡು ಪೀನ (ನಡುವೆ ಉಬ್ಬಿದ) ಮಸೂರಗಳ ಕೊಳವೆಯೂ ಅದರೊಳಗಿನ ಗುರಿಯ ಎಳೆಯೂ ಬಂದ ಮೇಲೆ ಅದು ಕ್ವಾಡ್ರೆಂಟನ್ನು ಹೊರದೂಡಲಿಲ್ಲ, ಅದರ ಮೇಲೇ ಏರಿ ಕುಳಿತಿತು. 1725ರಲ್ಲಿ ಇದೇ ಹ್ಯಾಲಿಗಾಗಿ ಉಪಕರಣ ತಯಾರಕ ಜಾರ್ಜ್ ಗ್ರಹಾಂ ಗ್ರೀನಿಚ್ ವೀಕ್ಷಣಾಲಯದ ಗೋಡೆಗೆ ಅಳವಡಿಸಿಕೊಟ್ಟದ್ದು ದೂರದರ್ಶಕ ಹೊತ್ತ ಎಂಟು ಅಡಿಯ ಕ್ವಾಡ್ರೆಂಟನ್ನೇ.

— ಸಂಪಾದಕ