ಅತ್ತೆಯ ನಿದ್ದೆ ಕೆಡಿಸುವ ಫ್ಯಾನ್

ಪ್ರಶ್ನೆ: ಹಗಲು ತೋಟದ ಕೆಲಸ, ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ಸಂಘದ ಲೆಕ್ಕ ಬರೆಯುತ್ತೇನೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗುತ್ತಾರೆ. ಕಂಪ್ಯೂಟರಿನ ಫ್ಯಾನ್ ಸದ್ದಿಗೆ ಪಾಪ, ಅವರಿಗೆ ನಿದ್ದೆಯೇ ಇಲ್ಲ. ಅದರ ವೇಗ ಕಮ್ಮಿ ಮಾಡಬಹುದಾ? ಒಳಗೆ ಏನಾದರೂ ಸುಟ್ಟು ಹೋದರೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಧೈರ್ಯವಾಗಿ ಕಮ್ಮಿ ಮಾಡಿ. ಈಗಿನ ಪ್ರೊಸೆಸರ್‌ಗಳು (ಕಂಪ್ಯೂಟರಿನ ಮುಖ್ಯ ಚಿಪ್) ಬಿಸಿ ಜಾಸ್ತಿಯಾದರೆ ತಾವೇ ನಿಧಾನವಾಗುತ್ತವೆ, ಅದನ್ನೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಲೆಕ್ಕ ಬರೆಯುವ ಕೆಲಸಕ್ಕೆ ಅಷ್ಟು ಬಿಸಿ ಏರುವುದೂ ಇಲ್ಲ.

ಆದರೆ ಮೊದಲು ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿ. ಶಿವಮೊಗ್ಗದ ನಮ್ಮ ಮನೆಯ ಕಂಪ್ಯೂಟರ್ ಹೀಗೇ ಗುಂಯ್‌ಗುಟ್ಟುತ್ತಿತ್ತು. ಬಿಚ್ಚಿದರೆ ಹೀಟ್‌ಸಿಂಕ್, ಅಂದರೆ ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಪಟ್ಟಿಗಳ ಸಂದಿನಲ್ಲಿ ಕಂಬಳಿಯಂತೆ ಧೂಳು! ಗಾಳಿ ಆಡದಿದ್ದರೆ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಫ್ಯಾನನ್ನು ಜೋರಾಗಿ ಓಡಿಸುತ್ತದೆ. ನಿಮ್ಮಲ್ಲಂತೂ ಅಡಿಕೆ ಸುಲಿಯುವ ಕಾಲದ ಧೂಳು, ಒಲೆಯ ಹೊಗೆ ಎರಡೂ ಇರುತ್ತವೆ ಅಲ್ವಾ? ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಉಜ್ಜಿ. ಬ್ಲೋವರ್ ಬಳಸುವುದಾದರೆ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಸುಮ್ನೆ ಬಿಟ್ಟರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಇನ್ನು ವೇಗ. ಅರ್ಧ ಮಾಡಿದರೆ ಗಾಳಿಯೂ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಕಿವಿಗೆ ಅದು ಅರ್ಧಕ್ಕಿಂತಲೂ ಕಮ್ಮಿ. ಸ್ವಲ್ಪ ಗಾಳಿ ಬಿಟ್ಟುಕೊಟ್ಟರೆ ಬಹಳ ಶಾಂತಿ ಸಿಗುತ್ತದೆ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ, ಫ್ಯಾನ್ ಕಂಟ್ರೋಲ್ ಹುಡುಕಿ. ಫ್ಯಾನಿಗೆ ಎಷ್ಟು ತಂತಿ ಇದೆ ಎಂದು ಮೊದಲೇ ಎಣಿಸಿಕೊಂಡಿರಿ. ನಾಲ್ಕಿದ್ದರೆ ಪಿಡಬ್ಲ್ಯುಎಂ (ನಾಲ್ಕನೇ ತಂತಿಯಲ್ಲಿ ಸಂಕೇತ ಕಳಿಸಿ ವೇಗ ಬದಲಿಸುವ ವಿಧಾನ), ಮೂರಿದ್ದರೆ ಡಿಸಿ (ವೋಲ್ಟೇಜ್ ಇಳಿಸಿ ವೇಗ ಬದಲಿಸುವ ವಿಧಾನ) ಎಂದು ಆರಿಸಿ. ಮೂರು ತಂತಿಯದಕ್ಕೆ ಪಿಡಬ್ಲ್ಯುಎಂ ಕೊಟ್ಟರೆ ಅದು ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಪ್ರೊಸೆಸರಿನ ಬಿಸಿ 50 ಡಿಗ್ರಿವರೆಗೆ ಇದ್ದರೆ ಫ್ಯಾನ್ ವೇಗ ಶೇ. 40, 70 ಡಿಗ್ರಿಗೆ ಶೇ. 70, 80 ದಾಟಿದರೆ ಪೂರ್ತಿ ಎಂದು ಇಡಿ. ತೀರಾ ಕೆಳಗಿಳಿಸಿದರೆ ಕೆಲವು ಫ್ಯಾನ್ ತಿರುಗಲು ಶುರುವೇ ಆಗುವುದಿಲ್ಲ, ಹಾಗಾಗಿ ಡಬ್ಬ ಮುಚ್ಚುವ ಮೊದಲು ಒಮ್ಮೆ ಕಣ್ಣಾರೆ ನೋಡಿ. ಬಿಸಿ ಏರಿದ ತಕ್ಷಣ ವೇಗ ಏರದಂತೆ ಕೆಲವು ಸೆಕೆಂಡ್ ತಡ ಮಾಡುವ ಸೌಲಭ್ಯವಿದ್ದರೆ ಅದನ್ನು ಖಂಡಿತ ಹಾಕಿ. ಒಂದೇ ಸಮನೆ ಬರುವ ಸದ್ದು ಅಭ್ಯಾಸವಾಗುತ್ತದೆ. ಏರಿ ಇಳಿಯುವ ಸದ್ದೇ ಮಲಗಿದವರನ್ನು ಎಬ್ಬಿಸುವುದು.

ಕರಕರ ಅನ್ನುತ್ತಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಅದಕ್ಕೆ ವೇಗ ಇಳಿಸಿ ಪ್ರಯೋಜನವಿಲ್ಲ, ಫ್ಯಾನೇ ಬದಲಾಯಿಸಿ. ಸದ್ದು ಕರೆಂಟ್ ವೈರ್ ಸಿಕ್ಕಿಸುವ ಪೆಟ್ಟಿಗೆಯಿಂದ, ಅಂದರೆ ಪವರ್ ಸಪ್ಲೈಯಿಂದ ಬರುತ್ತಿದ್ದರೆ ದಯವಿಟ್ಟು ಅದನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಅದನ್ನು ರಿಪೇರಿಯವರ ಕೈಗೇ ಕೊಡಿ.